ರಿಯಾಯಿತಿ ಮಾರಾಟ ಮತ್ತು ನಮ್ಮ ಅಂಗಡಿಯ ಲ್ಯಾಪ್‌ಟಾಪ್

ದಸರಾ, ದೀಪಾವಳಿಗಳು ಸಮೀಪಿಸುತ್ತಿದ್ದಂತೆ ವರ್ತಕ ಬಾಂಧವರ ಮೊಬೈಲುಗಳಿಗೆ ರಿಯಾಯಿತಿ ಮಾರಾಟದ ಸಂದೇಶಗಳು ಬರತೊಡಗುತ್ತವೆ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಗಳ ಆಸುಪಾಸಿನಲ್ಲಿಯೂ ಇದೇ ಪರಿಪಾಠ. 78,000 ರೂಪಾಯಿ ಮುದ್ರಿತ ಬೆಲೆಯ ಲ್ಯಾಪ್‌ಟಾಪ್ 55,000ಕ್ಕೆ ದೊರೆಯುತ್ತದೆ, ಇಂತಹ ಬ್ಯಾಂಕಿನ ಕಾರ್ಡ್ ಇದ್ದರೆ ಇನ್ನೂ 3,000 ಕಡಿಮೆ, ಮಧ್ಯರಾತ್ರಿಯವರೆಗೆ ಮಾತ್ರ ಎಂಬ ಪ್ರಕಟಣೆಯನ್ನು ಕಂಡಾಗ ವ್ಯಾಪಾರಿಯಾದವನ ಕೈ ಸುಮ್ಮನಿರುವುದು ಕಷ್ಟ. ನಾವೇ ಹಬ್ಬದ ಸಮಯದಲ್ಲಿ ಇಂತಹ ಫಲಕಗಳನ್ನು ಅಂಗಡಿಯ ಮುಂದೆ ತೂಗುಹಾಕುವವರು. ಆದರೂ ಇನ್ನೊಬ್ಬರ ಫಲಕವನ್ನು ಕಂಡಾಗ ನಮ್ಮ ವ್ಯಾಪಾರಬುದ್ಧಿಯನ್ನು ಅರೆಗಳಿಗೆ ಬದಿಗಿರಿಸುತ್ತೇವೆ. ಶಿರೂರಿನಂತಹ ಊರಿನಲ್ಲಿ ಕುಳಿತು ಇಳಕಲ್ಲ ಸೀರೆ ಹಾಗೂ ಗುಳೇದಗುಡ್ಡದ ಖಣಗಳ ವ್ಯಾಪಾರ ಮಾಡುವ ನಾನೂ ಈ ಮಾತಿಗೆ ಹೊರತಾದವನಲ್ಲ.

ಒಂದು ಅನುಭವ

2021ರ ದಸರಾ ಮಾರಾಟದಲ್ಲಿ ನಾನೊಂದು ಲ್ಯಾಪ್‌ಟಾಪ್ ಕೊಂಡೆ. ಬಾಗಲಕೋಟೆಯ ಪರಿಚಿತ ವರ್ತಕರು ಹೇಳಿದ್ದ ದರಕ್ಕಿಂತ ನಾಲ್ಕು ಸಾವಿರ ರೂಪಾಯಿ ಕಡಿಮೆಗೆ ದೊರೆಯಿತೆಂದು ಸಂತೋಷಪಟ್ಟೆ. ಎಂಟು ತಿಂಗಳು ಯಂತ್ರ ಚೆನ್ನಾಗಿಯೇ ನಡೆಯಿತು. 2022ರ ಜೂನ್ 8ರಂದು ಬೆಳಿಗ್ಗೆ ಅದು ತೆರೆದುಕೊಳ್ಳಲೇ ಇಲ್ಲ. ಖಾತರಿ ಅವಧಿ ಇನ್ನೂ ಇತ್ತು. ಆದರೆ ಆ ಖಾತರಿಯು ಯಂತ್ರವನ್ನು ನಾವೇ ಸೇವಾ ಕೇಂದ್ರಕ್ಕೆ ಒಯ್ದು ಕೊಡಬೇಕಾದ ಬಗೆಯದು, ಕೇಂದ್ರವಿದ್ದುದು ಹುಬ್ಬಳ್ಳಿಯಲ್ಲಿ. ಒಳಗಿನ ಫಲಕ ಬೇರೆ ಊರಿನಿಂದ ಬರಬೇಕೆಂದರು. ಯಂತ್ರ ಕೈಗೆ ಬಂದುದು ಹದಿನೇಳು ದಿನಗಳ ಮೇಲೆ.

ಈ ಹದಿನೇಳು ದಿನಗಳಲ್ಲಿ ನಡೆದುದನ್ನು ಸಹವರ್ತಕರು ಸುಲಭವಾಗಿ ಊಹಿಸಬಲ್ಲರು. ಮಾಸಿಕವಾಗಿ ಲೆಕ್ಕ ಸಲ್ಲಿಸುವವರು ಮಾರಾಟದ ವಿವರಗಳ ಜಿಎಸ್‌ಟಿಆರ್-1 ಪತ್ರವನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕು. ಹಾಗೆ ಸಲ್ಲಿಸಿದ ಬಿಲ್ಲುಗಳು ಮಾತ್ರ 14ರಂದು ಸಿದ್ಧವಾಗುವ ನಮ್ಮ ಗಿರಾಕಿಗಳ 2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. 2022ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ಮಾರಿದವನು ತನ್ನ ಪತ್ರದಲ್ಲಿ ತೋರಿಸದ ಬಿಲ್ಲಿನ ಮೇಲೆ ಕೊಂಡವನು ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ನನ್ನ ಮೇ ತಿಂಗಳ ಬಿಲ್ಲುಗಳು ಸಕಾಲಕ್ಕೆ ದಾಖಲಾಗಲಿಲ್ಲ. ಮಹಾರಾಷ್ಟ್ರದ ಇಬ್ಬರು ದೊಡ್ಡ ಗಿರಾಕಿಗಳು, ಪಟ್ಟಿಯಲ್ಲಿ ಬಿಲ್ಲು ಕಾಣುವವರೆಗೆ ಹಣ ಕಳುಹಿಸುವುದಿಲ್ಲವೆಂದರು. ಅವರದು ತಪ್ಪೆನ್ನಲಾಗದು. ಆದರೆ ಆ ಹಣ ಬಾರದೆ ನಾನು ನೇಕಾರರ ಎರಡು ವಾರಗಳ ಕೂಲಿಯನ್ನು ಸಮಯಕ್ಕೆ ಕೊಡಲಾಗಲಿಲ್ಲ. ಮಗ್ಗದ ಮುಂದೆ ಕುಳಿತವನಿಗೆ ನನ್ನ ಲ್ಯಾಪ್‌ಟಾಪಿನ ಕತೆ ಹೇಳಿ ಪ್ರಯೋಜನವೇನು? ಅವರಲ್ಲೊಬ್ಬರು, ವಯಸ್ಸಿನಲ್ಲಿ ನನ್ನ ತಂದೆಯಂತಿರುವವರು, "ಸಾವಕಾರ್ರ, ಮಷೀನು ನಿಮ್ದು ಕೆಟ್ಟೈತಿ, ಒಲಿ ನಮ್ದು ಆರೈತಿ" ಎಂದರು. ಉಳಿಸಿದ ನಾಲ್ಕು ಸಾವಿರ ರೂಪಾಯಿಗಳ ನಿಜವಾದ ಬೆಲೆ ಆಗ ನನಗೆ ತಿಳಿಯಿತು.

ಇದರಲ್ಲಿ ನನ್ನ ತಪ್ಪು ಎರಡು. ಕಡಿಮೆ ಬೆಲೆಯನ್ನು ನೋಡಿದೆನೇ ಹೊರತು ಸೇವೆ ಎಲ್ಲಿ ದೊರೆಯುತ್ತದೆಂದು ವಿಚಾರಿಸಲಿಲ್ಲ. ಲೆಕ್ಕಪತ್ರಗಳ ಎರಡನೆಯ ಪ್ರತಿಯನ್ನು ಬೇರೆಡೆ ಇಟ್ಟಿರಲಿಲ್ಲ. ಇಂತಹ ತಪ್ಪು ಇತರ ಸದಸ್ಯರಿಂದ ಆಗದಿರಲೆಂಬ ಉದ್ದೇಶದಿಂದ, ಅಂದಿನಿಂದ ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಬೆಲೆಯ ಲೆಕ್ಕ

ಮೊದಲನೆಯದಾಗಿ, ಮುದ್ರಿತ ಗರಿಷ್ಠ ಬೆಲೆಯಿಂದ ಎಷ್ಟು ಇಳಿಕೆಯಾಗಿದೆ ಎಂಬುದು ಅರ್ಥವಿಲ್ಲದ ಲೆಕ್ಕ. ಅದು ಮಾರಬಹುದಾದ ಮೇಲ್ಮಿತಿಯೇ ವಿನಾ ಪೇಟೆಯ ಧಾರಣೆಯಲ್ಲ. ಹಿಂದಿನ ಎರಡು ಮೂರು ತಿಂಗಳುಗಳಲ್ಲಿ ಅದೇ ಮಾದರಿ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದೇ ಹೋಲಿಕೆಗೆ ಆಧಾರವಾಗಬೇಕು. ನೂಲಿನ ಧಾರಣೆಯನ್ನು ನಾವು ಹೀಗೆಯೇ ನೋಡುತ್ತೇವೆ.

ಎರಡನೆಯದಾಗಿ, ನೋಂದಾಯಿತ ವರ್ತಕರಿಗೆ ತೆರಿಗೆಯನ್ನು ಕಳೆದ ಬೆಲೆಯೇ ನಿಜವಾದ ಬೆಲೆ. ಲ್ಯಾಪ್‌ಟಾಪಿನ ಮೇಲೆ ಶೇ. 18ರ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ಅನೇಕ ವಸ್ತುಗಳ ದರ ಇಳಿದರೂ ಇದರ ದರ ಬದಲಾಗಲಿಲ್ಲ. ಒಂದು ಉದಾಹರಣೆ ನೋಡೋಣ. ಆನ್‌ಲೈನ್ ಮಾರಾಟದಲ್ಲಿ 54,990 ರೂ., ಸ್ಥಳೀಯ ವರ್ತಕರಲ್ಲಿ 57,500 ರೂ. ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಅಡಕವಾಗಿರುವ ತೆರಿಗೆ 8,388 ರೂ.; ಎರಡನೆಯದರಲ್ಲಿ 8,771 ರೂ. ವ್ಯವಹಾರಕ್ಕಾಗಿಯೇ ಬಳಸುವ ಯಂತ್ರವಾದರೆ ಈ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. ಉಳಿಯುವ ವೆಚ್ಚ ಕ್ರಮವಾಗಿ 46,602 ಮತ್ತು 48,729 ರೂ. ಅಂದರೆ ಕಣ್ಣಿಗೆ ಕಾಣುವ 2,510 ರೂಪಾಯಿಗಳ ಅಂತರ ವಾಸ್ತವದಲ್ಲಿ 2,127 ರೂ. ಮಾತ್ರ. ಯಂತ್ರ ಕೆಟ್ಟಾಗ ಹುಬ್ಬಳ್ಳಿಗೆ ಎರಡು ಸಲ ಹೋಗಿಬರುವ ಖರ್ಚು ಹಾಗೂ ಅಂಗಡಿ ಮುಚ್ಚಿದ ಎರಡು ದಿನಗಳ ನಷ್ಟವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ಜಮೆ ದೊರೆಯಬೇಕಾದರೆ ಬಿಲ್ಲಿನಲ್ಲಿ ನಮ್ಮ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಅವಸರದಲ್ಲಿ ಮಗನ ಹೆಸರಿನ ಖಾತೆಯಿಂದ ತರಿಸಿದರೆ ಎಂಟು ಸಾವಿರ ರೂಪಾಯಿ ಕೈಬಿಟ್ಟಂತೆಯೇ ಸರಿ. ಕಾಂಪೊಸಿಶನ್ ಪದ್ಧತಿಯಲ್ಲಿರುವ ಸದಸ್ಯರಿಗೆ ಈ ಜಮೆ ದೊರೆಯುವುದಿಲ್ಲವಾದ್ದರಿಂದ ಅವರು ಪೂರ್ಣ ಬೆಲೆಯನ್ನೇ ಹೋಲಿಸಬೇಕು.

ಮೂರನೆಯದಾಗಿ, ಸವಕಳಿ. ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳಿಗೆ ಬಹುಕಾಲದಿಂದ ಶೇ. 40ರ ದರದಲ್ಲಿ ಸವಕಳಿ ದೊರೆಯುತ್ತಿದೆ. ಆದರೆ ಆ ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಮೊದಲ ವರ್ಷ ಅದರ ಅರ್ಧ ಮಾತ್ರ. ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ಕೊಂಡು ಬಳಸತೊಡಗಿದ ಯಂತ್ರ ಈ ಅರ್ಧದ ಲೆಕ್ಕಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ 18,641 ರೂ. ಬದಲಿಗೆ 9,320 ರೂ. ಮಾತ್ರ ಸಿಗುತ್ತದೆ. ಉಳಿದುದು ಮುಂದಿನ ವರ್ಷಗಳಿಗೆ ಹೋಗುವುದರಿಂದ ಅದು ನಷ್ಟವಲ್ಲ, ವಿಳಂಬ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿಯ ಪ್ರಶ್ನೆಯೇ ಇಲ್ಲ. ತಮ್ಮ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿ ಮುಂದುವರಿಯುವುದು ಲೇಸು. ಇಂತಹ ಸ್ವತ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಸ್ವತ್ತಿನ ವೆಚ್ಚದಲ್ಲಿ ಸೇರುವುದಿಲ್ಲವೆಂಬುದನ್ನೂ ಮರೆಯಬಾರದು.

ಕೊನೆಯದಾಗಿ, "ಬಡ್ಡಿರಹಿತ ಕಂತು" ಎಂಬ ಮಾತು. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಟ್ಟು, ಕ್ರೆಡಿಟ್ ಕಾರ್ಡಿನ ಬ್ಯಾಂಕು ಬಡ್ಡಿಯನ್ನು ಹಾಕುವುದೇ ಸಾಮಾನ್ಯ ಕ್ರಮ. ಆ ಬಡ್ಡಿಯ ಮೇಲೂ, ಸಂಸ್ಕರಣಾ ಶುಲ್ಕದ ಮೇಲೂ ಶೇ. 18ರ ಜಿಎಸ್‌ಟಿ ಬೀಳುತ್ತದೆ. ಕೈಯಲ್ಲಿ ದುಡಿಯುವ ಬಂಡವಾಳ ಇಲ್ಲದಿದ್ದಾಗ ಕಂತು ಅನುಕೂಲವೇ. ಆದರೆ ಅದು ಉಚಿತವೆಂದು ಭಾವಿಸುವುದು ಬೇಡ.

ಹೆಸರು ಒಂದು, ಹುರುಳು ಇನ್ನೊಂದು

ಇಳಕಲ್ಲ ಸೀರೆ ಕೊಳ್ಳಬಂದ ಅನುಭವಿ ಗಿರಾಕಿಯು ಸೀರೆಯ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಒಡಲಿನ ಹಾಸು ಹತ್ತಿಯದೇ, ಸೆರಗು ಅಪ್ಪಟ ರೇಷ್ಮೆಯದೇ ಅಥವಾ ಚಮಕಾ ನೂಲಿನದೇ, ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾನೆ. ಲ್ಯಾಪ್‌ಟಾಪಿನಲ್ಲಿಯೂ ಇದೇ ಜಾಣ್ಮೆ ಬೇಕು. "ಐ5" ಅಥವಾ "ರೈಜನ್ 5" ಎಂಬುದು ಸೀರೆಯ ಹೆಸರಿದ್ದಂತೆ. ಅದರ ಮುಂದಿನ ಅಂಕಿಗಳಲ್ಲಿ ನೂಲಿನ ಗುಣವಿದೆ.

ಉದಾಹರಣೆಗೆ ಎಎಂಡಿ ಸಂಸ್ಥೆಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬ ಎರಡು ಪ್ರೊಸೆಸರುಗಳನ್ನು ನೋಡಿ. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ ಮೊದಲನೆಯದು ಹಳೆಯ ಝೆನ್ 2 ವಿನ್ಯಾಸದ್ದು, ನಾಲ್ಕು ಕೋರುಗಳದ್ದು; ಎರಡನೆಯದು ಝೆನ್ 3 ವಿನ್ಯಾಸದ್ದು, ಆರು ಕೋರುಗಳದ್ದು. ರಿಯಾಯಿತಿಯಲ್ಲಿ ಬಹಳ ಅಗ್ಗವಾಗಿ ಬರುವುದು ಸಾಮಾನ್ಯವಾಗಿ ಮೊದಲನೆಯ ಬಗೆಯದು. ಇಂಟೆಲ್ ಸಂಸ್ಥೆಯೂ 2023ರ ಕೊನೆಯಿಂದ "ಐ" ಅಕ್ಷರವನ್ನು ಕೈಬಿಟ್ಟು "ಕೋರ್ 5", "ಕೋರ್ ಅಲ್ಟ್ರಾ 5" ಎಂಬ ಹೊಸ ಹೆಸರುಗಳನ್ನು ತಂದಿರುವುದರಿಂದ ಗೊಂದಲ ಹೆಚ್ಚಿದೆ. ಲೆಕ್ಕಪತ್ರ, ಇ-ವೇ ಬಿಲ್ಲು, ಪತ್ರವ್ಯವಹಾರ, ಮಾಲಿನ ಚಿತ್ರಗಳ ರವಾನೆ ಇವಿಷ್ಟೇ ಕೆಲಸವಿರುವ ನಮಗೆ ಇಂಟೆಲ್‌ನ 12ನೆಯ ತಲೆಮಾರಿನ ಐ5 ಅಥವಾ ಅದರ ನಂತರದ್ದು, ಇಲ್ಲವೇ ಝೆನ್ 3 ವಿನ್ಯಾಸದ ರೈಜನ್ 5 ಧಾರಾಳವಾಗಿ ಸಾಕು. ಅದಕ್ಕಿಂತ ಮೇಲಿನದಕ್ಕೆ ಹಣ ಹಾಕುವ ಬದಲು ಅದನ್ನು ಸ್ಮೃತಿಗೂ ಖಾತರಿಗೂ ಹಾಕುವುದು ವಿವೇಕ.

ಸ್ಮೃತಿ, ಎಂದರೆ ರ‍್ಯಾಮ್, 16 ಜಿಬಿ ಇರಲಿ. 8 ಜಿಬಿ ಇರುವ ಯಂತ್ರವನ್ನು ಕೊಳ್ಳುವುದಾದರೆ ಮುಂದೆ ಸೇರಿಸಲು ಖಾಲಿ ಜಾಗವಿದೆಯೇ ಎಂದು ಲಿಖಿತವಾಗಿ ಕೇಳಬೇಕು. ತೆಳುವಾದ ಅನೇಕ ಮಾದರಿಗಳಲ್ಲಿ ಅದನ್ನು ಫಲಕಕ್ಕೆ ಬೆಸೆದುಬಿಟ್ಟಿರುತ್ತಾರೆ. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ಸ್ಮೃತಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿದ್ದರಿಂದ, ಇದೇ ಭಾಗದಲ್ಲಿ ತಯಾರಕರು ಕೈ ಬಿಗಿ ಹಿಡಿಯುವ ಸಂಭವ ಹೆಚ್ಚು. ಸಂಗ್ರಹಕ್ಕೆ 512 ಜಿಬಿಯ ಎಸ್‌ಎಸ್‌ಡಿ ಸಾಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದುದರಿಂದ ಹಳೆಯ ದಾಸ್ತಾನು ಅಥವಾ ನವೀಕರಿಸಿದ ಯಂತ್ರ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಿಕೊಳ್ಳಬೇಕು. ಇಂಟೆಲ್‌ನ 8ನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳು ಬಹುತೇಕ ಅರ್ಹವಲ್ಲ. ವಿಂಡೋಸ್ ಇಲ್ಲದೆ ಬರುವ ಅಗ್ಗದ ಯಂತ್ರಕ್ಕೆ ಪರವಾನಗಿಯ ಬೆಲೆಯನ್ನು ಸೇರಿಸಿಯೇ ಹೋಲಿಸಬೇಕು. ಗೃಹ ಹಾಗೂ ವಿದ್ಯಾರ್ಥಿಗಳ ಬಳಕೆಗೆಂದು ಕೊಡುವ ಆಫೀಸ್ ತಂತ್ರಾಂಶದ ಪರವಾನಗಿ ಅಂಗಡಿಯ ಕೆಲಸಕ್ಕೆ ಅನ್ವಯಿಸದಿರಬಹುದು, ಷರತ್ತುಗಳನ್ನು ಓದಬೇಕು. ಲಿಬ್ರೆಆಫೀಸ್ ಉಚಿತವಾಗಿದ್ದು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ.

ನಮ್ಮ ಸೀಮೆಗೆ ತಕ್ಕ ಯಂತ್ರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಬೇಸಿಗೆ ಎಲ್ಲರೂ ಬಲ್ಲದ್ದೇ. ಇಳಕಲ್ಲಿನ ಕೆಂಪು ಗ್ರಾನೈಟ್ ಕತ್ತರಿಸುವ ಘಟಕಗಳಲ್ಲಿ ಕಲ್ಲಿನ ಧೂಳು, ಮಗ್ಗದ ಮನೆಗಳಲ್ಲಿ ನೂಲಿನ ಎಳೆ, ಅರಳೆಯ ಅಂಗಡಿಗಳಲ್ಲಿ ಹಿಂಜಿ. ಇವೆಲ್ಲ ಲ್ಯಾಪ್‌ಟಾಪಿನ ಗಾಳಿಕಿಂಡಿಯನ್ನು ಸೇರಿ ಒಳಗಿನ ಫ್ಯಾನನ್ನು ಕಟ್ಟಿಹಾಕುತ್ತವೆ. ಆದುದರಿಂದ ಕೆಳಗಿನ ಮುಚ್ಚಳವನ್ನು ಸಾಮಾನ್ಯ ತಿರುಪುಗಳಿಂದ ಬಿಚ್ಚಿ ಶುಚಿಗೊಳಿಸಲು ಬರುವ ಯಂತ್ರವೇ ಲೇಸು. ವರ್ಷಕ್ಕೊಮ್ಮೆ ತಿಳಿದವರಿಂದ ಶುಚಿ ಮಾಡಿಸಬೇಕು.

ಪರದೆ ಹೊಳಪಿಲ್ಲದ ಬಗೆಯದಾಗಿರಲಿ. ಬಾಗಿಲ ಬಳಿ ಗಲ್ಲೆಯ ಮೇಲೆ ಇಟ್ಟರೆ ಹೊಳೆಯುವ ಪರದೆಯಲ್ಲಿ ಅಂಕಿಗಳ ಬದಲು ಬೀದಿಯೇ ಕಾಣುತ್ತದೆ. ಅಂಕಿ ಬರೆಯುವವರಿಗೆ ಬಲಬದಿಯಲ್ಲಿ ಪ್ರತ್ಯೇಕ ಅಂಕಿಗಳ ಕೀಲಿಗಳಿರುವ 15.6 ಅಂಗುಲದ ಯಂತ್ರ ಅನುಕೂಲ. ಊರೂರು ತಿರುಗುವವರಿಗೆ 14 ಅಂಗುಲದ್ದು ಹಗುರ. ಡಿಜಿಟಲ್ ಸಹಿಯ ಡಾಂಗಲ್, ಮುದ್ರಣಯಂತ್ರ, ಬಾರ್‌ಕೋಡ್ ಓದುವ ಸಾಧನ ಇವು ಇನ್ನೂ ಹಳೆಯ ಬಗೆಯ ಯುಎಸ್‌ಬಿ ಕಿಂಡಿಯನ್ನೇ ಬಯಸುವುದು ಹೆಚ್ಚು. ಅಂತಹ ಕಿಂಡಿಗಳು ಎರಡಾದರೂ ಇರಬೇಕು.

ವಿದ್ಯುತ್ ಕಡಿತದ ವೇಳೆಯಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯೇ ನಮ್ಮ ಆಸರೆ. ಪ್ರಕಟಣೆಯಲ್ಲಿ ಹೇಳುವ ಗಂಟೆಗಳನ್ನು ನಂಬುವ ಬದಲು ಬ್ಯಾಟರಿಯ ವ್ಯಾಟ್-ಅವರ್ ಅಂಕಿಯನ್ನು ನೋಡಿ. 40ಕ್ಕಿಂತ ಕಡಿಮೆಯಾದರೆ ಎರಡು ಬಾರಿ ಯೋಚಿಸಿ. ಪ್ಲಗ್ಗಿನ ಭೂಸಂಪರ್ಕ ಸರಿಯಿಲ್ಲದ ಹಳೆಯ ಅಂಗಡಿಗಳಲ್ಲಿ ಎಷ್ಟೇ ಒಳ್ಳೆಯ ಯಂತ್ರವೂ ಬಾಳದು. ಹೊಸ ಯಂತ್ರ ತರುವ ಮೊದಲು ಆ ಕೆಲಸಕ್ಕೆ ಒಬ್ಬ ವಿದ್ಯುತ್ ಕೆಲಸಗಾರನನ್ನು ಕರೆಸಬೇಕು.

ಸೇವೆ ಎಲ್ಲಿದೆ?

ನನ್ನ ಅಭಿಪ್ರಾಯದಲ್ಲಿ ಇದೇ ಮೊದಲನೆಯ ಪ್ರಶ್ನೆ. ಖಾತರಿ ಎರಡು ಬಗೆ: ನಾವು ಒಯ್ದು ಕೊಡುವುದು, ತಂತ್ರಜ್ಞರೇ ನಮ್ಮಲ್ಲಿಗೆ ಬರುವುದು. ಥಿಂಕ್‌ಪ್ಯಾಡ್, ಥಿಂಕ್‌ಬುಕ್, ಪ್ರೋಬುಕ್, ಲ್ಯಾಟಿಟ್ಯೂಡ್, ಎಕ್ಸ್‌ಪರ್ಟ್‌ಬುಕ್ ಮೊದಲಾದ ವ್ಯವಹಾರ ಶ್ರೇಣಿಯ ಯಂತ್ರಗಳಿಗೆ ಎರಡನೆಯ ಬಗೆಯ ಖಾತರಿಯನ್ನು ಮೂರು ವರ್ಷಗಳವರೆಗೆ ಹಣಕೊಟ್ಟು ಪಡೆಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಆದರೆ "ಸ್ಥಳದಲ್ಲೇ ಸೇವೆ" ಎಂದು ಬರೆದಿದ್ದರೂ ನಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಯೇ, ಎಷ್ಟು ದಿನಗಳಲ್ಲಿ ಬರುತ್ತಾರೆ ಎಂಬುದನ್ನು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಸಾಧ್ಯವಾದರೆ ಮಿಂಚಂಚೆಯಲ್ಲಿ ಉತ್ತರ ಪಡೆದು, ಆಮೇಲೆ ಹಣ ಕೊಡಬೇಕು.

ಇನ್ನೊಂದು ಸಂಗತಿ ಬಹುಜನರಿಗೆ ತಿಳಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ವಸ್ತು ಕೊಂಡವನು ಗ್ರಾಹಕನೆಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರವೇ ಕೊಂಡವನಿಗೆ ವಿನಾಯಿತಿ ಇದೆ. ಜಿಎಸ್‌ಟಿ ಸಂಖ್ಯೆಯ ಬಿಲ್ಲಿನಲ್ಲಿ ಕೊಂಡ ಯಂತ್ರಕ್ಕಾಗಿ ಗ್ರಾಹಕ ಆಯೋಗದ ಬಾಗಿಲು ತಟ್ಟಿದರೆ ಎದುರು ಪಕ್ಷದವರು ಮೊದಲು ಎತ್ತುವುದು ಇದೇ ಆಕ್ಷೇಪಣೆ. ಆದುದರಿಂದ ನಮ್ಮಂತಹವರಿಗೆ ಖಾತರಿಯ ಲಿಖಿತ ಷರತ್ತು ಹಾಗೂ ಮಾರಿದವನ ಮುಖಪರಿಚಯ ಇವೆರಡೇ ಹೆಚ್ಚಿನ ಬಲ.

ಎರಡು ಆಕ್ಷೇಪಣೆಗಳು

"ಎಲ್ಲವನ್ನೂ ನಮ್ಮ ಲೆಕ್ಕಪರಿಶೋಧಕರೇ ನೋಡಿಕೊಳ್ಳುತ್ತಾರೆ, ಮೊಬೈಲ್ ಇದೆ, ಲ್ಯಾಪ್‌ಟಾಪ್ ಏಕೆ?" ಎಂದು ಕೇಳುವ ಹಿರಿಯ ಸದಸ್ಯರಿದ್ದಾರೆ. ಸಣ್ಣ ವ್ಯವಹಾರಕ್ಕೆ ಆ ಮಾತು ಸರಿಯಿರಬಹುದು. ಆದರೆ ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ಪತ್ರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳುಗಳ ಕಾಲ ಕಾಪಾಡುವ ಹೊಣೆ ನಮ್ಮದು, ಪರಿಶೋಧಕರದಲ್ಲ. ನಮ್ಮ ಬಾಕಿ, ನಮ್ಮ ದಾಸ್ತಾನು, ನಮ್ಮ ನೇಕಾರರ ಮುಂಗಡ ಇವು ಇನ್ನೊಬ್ಬರ ಯಂತ್ರದಲ್ಲಿ ಮಾತ್ರ ಇರುವುದು ಕ್ಷೇಮಕರವಲ್ಲ.

"ಅಗ್ಗದ್ದನ್ನು ಕೊಂಡು ಎರಡು ವರ್ಷಕ್ಕೆ ಬದಲಿಸಿದರಾಯಿತು" ಎಂಬುದು ಎರಡನೆಯ ವಾದ. ಇದರಲ್ಲಿಯೂ ಅರ್ಥವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಮಾಡುವವರು ಕೈಯಲ್ಲೊಂದು ಬದಲಿ ಯಂತ್ರವನ್ನೂ ದತ್ತಾಂಶದ ಪ್ರತಿಯನ್ನೂ ಇಟ್ಟುಕೊಂಡಿರಬೇಕು. ಪ್ರತಿಯ ವಿಷಯದಲ್ಲಿ ದುಬಾರಿ ಯಂತ್ರದವರಿಗೂ ರಿಯಾಯಿತಿ ಇಲ್ಲ. ಲ್ಯಾಪ್‌ಟಾಪಿನಲ್ಲೊಂದು, ಮನೆಯ ಕಪಾಟಿನಲ್ಲಿರುವ ಹೊರಗಿನ ಡಿಸ್ಕಿನಲ್ಲೊಂದು, ಅಂತರಜಾಲದ ಸಂಗ್ರಹದಲ್ಲೊಂದು ಎಂದು ಮೂರು ಪ್ರತಿಗಳಿರಬೇಕು. ಇಂದು ನಾನು ಪ್ರತಿದಿನ ಅಂಗಡಿ ಮುಚ್ಚುವ ಮೊದಲು ಈ ಕೆಲಸ ಮಾಡುತ್ತೇನೆ. ಐದು ನಿಮಿಷ ಹಿಡಿಯುತ್ತದೆ.

ಸಂಸ್ಥೆಗೊಂದು ಸಲಹೆ

ನಮ್ಮ ಊರುಗಳಲ್ಲಿ ಒಬ್ಬೊಬ್ಬರೇ ಕೊಳ್ಳುವಾಗ ತಯಾರಕರ ಮುಂದೆ ನಮ್ಮ ಧ್ವನಿ ಸಣ್ಣದು. ಇಪ್ಪತ್ತು ಮಂದಿ ಸೇರಿ ಕೇಳಿದರೆ ಅದು ಬೇರೆಯಾಗುತ್ತದೆ. ಆದುದರಿಂದ ನಮ್ಮ ವಾಣಿಜ್ಯ ಸಂಸ್ಥೆಯು ವರ್ಷಕ್ಕೆರಡು ಬಾರಿ ಸದಸ್ಯರ ಬೇಡಿಕೆಯನ್ನು ಸಂಗ್ರಹಿಸಿ, ಬಾಗಲಕೋಟೆ ಹಾಗೂ ಹುಬ್ಬಳ್ಳಿಯ ಅಧಿಕೃತ ವರ್ತಕರಿಂದ ಮೊಹರಾದ ದರಪಟ್ಟಿ ತರಿಸಬೇಕೆಂಬುದು ನನ್ನ ವಿನಂತಿ. ಷರತ್ತುಗಳು ಮೂರೇ ಸಾಕು: ಮೂರು ವರ್ಷಗಳ ಸ್ಥಳದಲ್ಲೇ ಸೇವೆ, ಬೇಡಿಕೆ ಸಲ್ಲಿಸಿದ ಎಲ್ಲ ಸದಸ್ಯರ ಪಿನ್‌ಕೋಡುಗಳಿಗೂ ಅದರ ಅನ್ವಯ, ಮತ್ತು ದುರಸ್ತಿ ವಿಳಂಬವಾದಾಗ ಎರವಲು ಕೊಡಲು ಸಂಸ್ಥೆಯ ಕಚೇರಿಯಲ್ಲಿ ಎರಡು ಬದಲಿ ಯಂತ್ರಗಳು. ಆ ಎರಡು ಯಂತ್ರಗಳ ವೆಚ್ಚವನ್ನು ಕೊಳ್ಳುವವರೇ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಹಬ್ಬದ ರಿಯಾಯಿತಿಯಲ್ಲಿ ನಾವು ಉಳಿಸಿದೆವೆಂದು ಹಿಗ್ಗುವ ಮೊತ್ತಕ್ಕಿಂತ ಹೆಚ್ಚಾಗಲಾರದು.

ರಿಯಾಯಿತಿ ಮಾರಾಟದಲ್ಲಿ ಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಬೇಕಾದ ಮಾದರಿಯನ್ನು ಮೊದಲೇ ನಿಶ್ಚಯಿಸಿ, ಸೇವೆಯನ್ನು ವಿಚಾರಿಸಿ, ತೆರಿಗೆ ಕಳೆದ ಬೆಲೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡವನಿಗೆ ಹಬ್ಬದ ಮಾರಾಟ ಲಾಭದಾಯಕವೇ. ಏನನ್ನೂ ನಿಶ್ಚಯಿಸದೆ ಮಧ್ಯರಾತ್ರಿಯ ಗಡಿಯಾರ ನೋಡಿ ಕೊಳ್ಳುವವನಿಗೆ ಮಾತ್ರ ಅದು ಅಪಾಯ. 2022ರ ಆ ಜೂನ್ ತಿಂಗಳ ಕೂಲಿಯನ್ನು ನಾನು ಕೊನೆಗೆ ಕೈಗಡ ಮಾಡಿ ಕೊಟ್ಟೆ. ನೇಕಾರರು ಮರುಮಾತಾಡದೆ ತೆಗೆದುಕೊಂಡರು. ಇಂದು ನಾನು ಬಳಸುತ್ತಿರುವ ಯಂತ್ರವನ್ನು ಬಾಗಲಕೋಟೆಯ ಅದೇ ಪರಿಚಿತ ವರ್ತಕರಿಂದ, ಅವರು ಹೇಳಿದ ದರಕ್ಕೆ, ಯಾವ ಹಬ್ಬವೂ ಇಲ್ಲದ ದಿನ ಕೊಂಡಿದ್ದೇನೆ.